ಮಗು ನನ್ನದಲ್ಲ ಎನ್ನುವ ಮುನ್ನ: ಪಿತೃತ್ವದ ತಕರಾರು ಮತ್ತು ಮಗುವಿನ ಜೀವನಾಂಶದ ಕೇಸು ನಡೆಸುವ ಬಗೆ

ಮೈಸೂರು, ಮಂಡ್ಯದ ಕೋರ್ಟು ಆವರಣದಲ್ಲಿ ಜೀವನಾಂಶದ ನೋಟಿಸು ಹಿಡಿದು ವಕೀಲರನ್ನು ಹುಡುಕುವವರಲ್ಲಿ ಕೆಲವರ ಮೊದಲ ಮಾತು ಒಂದೇ: “ಡಿಎನ್‌ಎ ಮಾಡಿಸಿಬಿಡಿ ಸಾರ್, ಮಗು ಯಾರದು ಅಂತ ಗೊತ್ತಾಗಿಬಿಡ್ಲಿ.” ಹೆಂಡತಿ ಹೆತ್ತ ಮಗುವಿನ ವಿಚಾರದಲ್ಲಿ ನಮ್ಮ ಕೋರ್ಟುಗಳು ಆ ಬಾಗಿಲನ್ನು ಅಷ್ಟು ಸಲೀಸಾಗಿ ತೆರೆಯುವುದಿಲ್ಲ. ಅವು ಮೊದಲು ಕೇಳುವುದು ತಾರೀಖು. ಗರ್ಭ ನಿಂತ ದಿನಗಳಲ್ಲಿ ನೀವೆಲ್ಲಿದ್ದಿರಿ, ಆಕೆ ಎಲ್ಲಿದ್ದರು, ಇಬ್ಬರೂ ಕೂಡಲು ಅವಕಾಶ ಇತ್ತೇ? ಇದಕ್ಕೆ ಕಾಗದದಲ್ಲಿ ಉತ್ತರ ಇದ್ದವರಿಗೆ ಡಿಎನ್‌ಎ ಆದೇಶ ಸಿಗುವ ಸಾಧ್ಯತೆ ಇದೆ. ಇಲ್ಲದವರ ಅರ್ಜಿ ವಜಾ ಆಗುತ್ತದೆ, ಅಷ್ಟು ಹೊತ್ತಿಗೆ ಜೀವನಾಂಶದ ಬಾಕಿ ಬೆಳೆದು ನಿಂತಿರುತ್ತದೆ.

ನಿಮ್ಮ ಕೇಸು ಯಾವ ಬಗೆಯದು

ಮಗು ಹುಟ್ಟಿದಾಗ ಮದುವೆ ಊರ್ಜಿತದಲ್ಲಿತ್ತೇ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಮದುವೆ ಇದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 116 ಎದುರು ನಿಲ್ಲುತ್ತದೆ. 2024ರ ಜುಲೈ 1ಕ್ಕೆ ಮುಂಚೆ ಇದೇ ಮಾತು 1872ರ ಸಾಕ್ಷ್ಯ ಕಾಯ್ದೆಯ ಕಲಂ 112ರಲ್ಲಿತ್ತು. ವಕೀಲರ ಬಾಯಲ್ಲಿ ಇನ್ನೂ ‘ಒನ್ ಟ್ವೆಲ್ವ್’ ಎಂದೇ ಇದೆ. ಸಿಂಧುವಾದ, ಅಂದರೆ ಕಾನೂನು ಒಪ್ಪುವ ಮದುವೆ ಊರ್ಜಿತದಲ್ಲಿರುವಾಗ, ಅಥವಾ ಅದು ಮುರಿದು 280 ದಿನಗಳೊಳಗೆ ತಾಯಿ ಮರುಮದುವೆಯಾಗದೆ ಇರುವಾಗ ಹುಟ್ಟಿದ ಮಗು ಆ ಗಂಡನ ಔರಸ ಮಗುವೇ (ಕಾನೂನಿನ ಪ್ರಕಾರ ಅವನಿಗೇ ಹುಟ್ಟಿದ್ದು) ಎನ್ನುವುದಕ್ಕೆ ಅದೇ ನಿರ್ಣಾಯಕ ಪುರಾವೆ. ಒಂದೇ ಒಂದು ಕಿಂಡಿ ಬಿಟ್ಟಿದ್ದಾರೆ: ಗರ್ಭ ನಿಲ್ಲಬಹುದಾಗಿದ್ದ ಕಾಲದಲ್ಲಿ ಗಂಡ ಹೆಂಡತಿ ಕೂಡಲು ಅವಕಾಶವೇ ಇರಲಿಲ್ಲ ಎಂದು ತೋರಿಸಬೇಕು. ತೋರಿಸುವ ಹೊಣೆ ಗಂಡನದು. ‘ಅವಕಾಶ’ ಅಂದರೆ ಕೂಡಿದ್ದರು ಎಂದಲ್ಲ, ಕೂಡಬಹುದಿತ್ತು ಎಂದಷ್ಟೇ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿದ್ದೆವು, ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದೆವು ಎನ್ನುವ ವಾದ ಇಲ್ಲೇ ಬೀಳುತ್ತದೆ. ಈ ನಿಯಮ ಸಾಕ್ಷ್ಯದ ಕಾನೂನಿನಲ್ಲಿರುವುದರಿಂದ ಧರ್ಮ ಯಾವುದಾದರೂ ಎಲ್ಲರಿಗೂ ಒಂದೇ.

ಮದುವೆಯೇ ಆಗಿಲ್ಲದಿದ್ದರೆ ಈ ಊಹೆ ಇಲ್ಲ. ಇವನೇ ತಂದೆ ಎಂದು ತೋರಿಸುವ ಹೊಣೆ ಅರ್ಜಿ ಹಾಕಿದವರ ಮೇಲಿರುತ್ತದೆ. ಇಂಥ ಕೇಸಿನಲ್ಲಿ ಡಿಎನ್‌ಎ ಆದೇಶ ಸಿಗುವುದು ಹೋಲಿಕೆಯಲ್ಲಿ ಸುಲಭ, ಹೆಚ್ಚಾಗಿ ತಾಯಿಯೇ ಕೇಳುತ್ತಾರೆ. ಆದರೆ “ಮದುವೆಯೇ ಆಗಿಲ್ಲ, ಜೀವನಾಂಶ ಯಾಕೆ ಕೊಡಲಿ” ಎನ್ನುವ ವಾದಕ್ಕೆ ಜಾಗವಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144, ಅಂದರೆ ಹಳೆಯ ಸಿಆರ್‌ಪಿಸಿಯ 125, ಔರಸ ಮಗುವಾಗಲಿ ಅನೌರಸ ಮಗುವಾಗಲಿ ತಂದೆಯೇ ಸಾಕಬೇಕು ಎನ್ನುತ್ತದೆ. ಮೊದಲ ಹೆಂಡತಿ ಇರುವಾಗ ಆದ ಎರಡನೇ ಮದುವೆಯ ಮಗುವಿಗೂ ಇದು ಅನ್ವಯ.

ಎರಡು ಸಂದರ್ಭದಲ್ಲಂತೂ ಕೇಸು ಹಾಕುವ ಯೋಚನೆಯನ್ನೇ ಬಿಡಬೇಕು. ಇಬ್ಬರೂ ಒಪ್ಪಿ ದಾನಿಯ ವೀರ್ಯದಿಂದ ಐವಿಎಫ್ ಮಾಡಿಸಿಕೊಂಡಿದ್ದರೆ, 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯ ಕಲಂ 31ರ ಪ್ರಕಾರ ಮಗು ದಂಪತಿಯ ಸ್ವಂತ ಮಗುವೇ. ಡಿಎನ್‌ಎ ಹೊಂದದಿದ್ದರೆ ಏನೂ ಆಗುವುದಿಲ್ಲ. ಕಾನೂನುಬದ್ಧ ದತ್ತು ತೆಗೆದುಕೊಂಡ ಮೇಲೆ ಬೇಡ ಎನ್ನುವುದಕ್ಕೂ ಬರುವುದಿಲ್ಲ.

ನೋಟಿಸು ಬಂದ ದಿನ

ಅಂಚೆಯವನಿಗೋ ಅಮೀನರಿಗೋ “ಅವರು ಊರಲ್ಲಿಲ್ಲ” ಎಂದು ಮನೆಯವರಿಂದ ಹೇಳಿಸುವುದು ನಮ್ಮ ಕಡೆ ಹಳೆಯ ಅಭ್ಯಾಸ. ಇದರಿಂದ ಲಾಭವಿಲ್ಲ. ತೆಗೆದುಕೊಳ್ಳಲು ನಿರಾಕರಿಸಿದ ನೋಟಿಸು ತಲುಪಿದಂತೆಯೇ ಲೆಕ್ಕ. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಕಂಡರೆ ನ್ಯಾಯಾಧೀಶರು ನಿಮ್ಮನ್ನು ಎಕ್ಸ್‌ಪಾರ್ಟಿ ಇಟ್ಟು, ಅಂದರೆ ನಿಮ್ಮ ಮಾತು ಕೇಳದೆಯೇ, ಆದೇಶ ಮಾಡುತ್ತಾರೆ. ಅದನ್ನು ತೆಗೆಸಲು ಅದೇ ಸುರಕ್ಷಾ ಸಂಹಿತೆಯ ಕಲಂ 145ರಲ್ಲಿ ಆದೇಶದ ದಿನದಿಂದ ಮೂರು ತಿಂಗಳ ಕಾಲವಿದೆ. ಒಳ್ಳೆಯ ಕಾರಣ ತೋರಿಸಬೇಕು, ಎದುರು ಪಕ್ಷದ ಖರ್ಚು ಕಟ್ಟಿಕೊಡಬೇಕಾಗಿಯೂ ಬರಬಹುದು.

ನೋಟಿಸಿನಲ್ಲಿ ಮೂರು ವಿಷಯ ನೋಡಿ: ಕೋರ್ಟು ಯಾವುದು, ಅರ್ಜಿದಾರರ ಪಟ್ಟಿಯಲ್ಲಿ ಮಗುವಿನ ಹೆಸರು ಇದೆಯೇ, ಮಧ್ಯಂತರ ಜೀವನಾಂಶದ ಐಎ (ಕೇಸು ಮುಗಿಯುವವರೆಗಿನ ಹಣ ಕೇಳುವ ಅರ್ಜಿ) ಜೊತೆಗಿದೆಯೇ. ಕುಟುಂಬ ನ್ಯಾಯಾಲಯದ ವ್ಯಾಪ್ತಿಯೊಳಗೆ ಕೇಸು ಅಲ್ಲಿಗೇ ಹೋಗುತ್ತದೆ, ಅದಿಲ್ಲದ ಕಡೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ. ಆಕೆ ತವರಾದ ಮಳವಳ್ಳಿಯಲ್ಲೋ ಹುಣಸೂರಿನಲ್ಲೋ ನೆಲೆಸಿದ್ದರೆ ಅಲ್ಲಿಂದಲೇ ಕೇಸು ಹಾಕಬಹುದು. “ನಾನಿರುವುದು ಬೆಂಗಳೂರು, ಕೇಸು ಅಲ್ಲಿಗೆ ಬರಲಿ” ಎಂದು ಜಾಗದ ಬಗ್ಗೆ ಜಗಳ ತೆಗೆದು ಆರು ತಿಂಗಳು ಕಳೆಯಬೇಡಿ.

ಕುಟುಂಬ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, 1984ರ ಕಾಯ್ದೆಯ ಕಲಂ 13ರಡಿ ಅನುಮತಿ ಬೇಕು. ವಕಾಲತ್ತಿನ ಜೊತೆಗೇ ಒಂದು ಸಣ್ಣ ಅರ್ಜಿ ಹಾಕುತ್ತಾರೆ, ಸಾಮಾನ್ಯವಾಗಿ ಸಿಗುತ್ತದೆ. ವಕೀಲರ ಫೀಸು ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬೇಕು, 15100 ಸಹಾಯವಾಣಿಗೂ ಕರೆ ಮಾಡಬಹುದು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ತಾರೀಖಿನ ಲೆಕ್ಕ

ವಕೀಲರ ಬಳಿ ಹೋಗುವ ಮೊದಲೇ ಕ್ಯಾಲೆಂಡರ್ ಹಿಡಿದು ಕೂತು ಇದನ್ನು ಮಾಡಿ. ಕೇಸು ನಿಲ್ಲುತ್ತದೋ ಬೀಳುತ್ತದೋ ಅರ್ಧ ಗಂಟೆಯಲ್ಲಿ ನಿಮಗೇ ಗೊತ್ತಾಗುತ್ತದೆ.

ವೈದ್ಯರು ಗರ್ಭವನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಲ್ಲಿಂದ 280 ದಿನಕ್ಕೆ ಹೆರಿಗೆಯ ಅಂದಾಜು ದಿನ. ಗರ್ಭ ನಿಲ್ಲುವುದು ಮುಟ್ಟಿನ ಆ ಮೊದಲ ದಿನದಿಂದ ಸುಮಾರು 14 ದಿನಕ್ಕೆ, ಹಾಗಾಗಿ ಹುಟ್ಟಿದ ದಿನದಿಂದ ಹಿಂದಕ್ಕೆ 266 ದಿನ. ‘ಒಂಬತ್ತು ತಿಂಗಳು ಒಂಬತ್ತು ದಿನ’ ಎಂದು ಬೆರಳೆಣಿಸಿ “ಆಗ ನಾನು ಊರಲ್ಲಿರಲಿಲ್ಲ” ಎನ್ನುವವರು ಮೊದಲ ಏಟು ತಿನ್ನುವುದೇ ಇಲ್ಲಿ. ಮುಟ್ಟಿನ ದಿನವನ್ನೂ ಗರ್ಭ ನಿಂತ ದಿನವನ್ನೂ ಬೆರೆಸಿಕೊಂಡರೆ ಎರಡು ವಾರ ತಪ್ಪುತ್ತದೆ.

ಮಗು 2024ರ ಅಕ್ಟೋಬರ್ 14ರಂದು ಹುಟ್ಟಿದೆ ಎನ್ನೋಣ. 280 ದಿನ ಹಿಂದಕ್ಕೆ ಹೋದರೆ ಜನವರಿ 8, 266 ದಿನಕ್ಕೆ ಜನವರಿ 22. ಆದರೆ ತಿಂಗಳು ತುಂಬಿದ ಹೆರಿಗೆ 37 ವಾರಕ್ಕೂ ಆಗುತ್ತದೆ, 42 ವಾರಕ್ಕೂ ಆಗುತ್ತದೆ. 37 ವಾರದ ಹೆರಿಗೆಯಾದರೆ ಗರ್ಭ ನಿಂತದ್ದು ಫೆಬ್ರವರಿ 12ರ ಸುಮಾರಿಗೆ. 42 ವಾರವಾದರೆ ಜನವರಿ 8ರ ಸುಮಾರಿಗೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಿರಬಲ್ಲದು. ಎರಡೂ ಕಡೆ ಒಂದೊಂದು ವಾರ ಸೇರಿಸಿ. ಅಲ್ಲಿಗೆ ಜನವರಿ 1ರಿಂದ ಫೆಬ್ರವರಿ 19ರವರೆಗೆ, ಐವತ್ತು ದಿನಗಳ ಕಿಟಕಿ. ಇದರಲ್ಲಿ ಒಂದು ರಾತ್ರಿಗೂ ಅವಕಾಶ ಇರಲಿಲ್ಲ ಎಂದು ತೋರಿಸುವುದು ನಿಮ್ಮ ಕೆಲಸ. ಸಂಕ್ರಾಂತಿಗೆ ಎರಡು ದಿನ ಊರಿಗೆ ಬಂದು ಕಿಚ್ಚು ಹಾಯಿಸುವ ಹೋರಿಯ ಜೊತೆ ಫೋಟೊ ತೆಗೆಸಿಕೊಂಡಿದ್ದರೆ ಕೇಸು ಅಲ್ಲಿಗೇ ಮುಗಿಯಿತು.

ಈ ಕಿಟಕಿಯನ್ನು ಕಿರಿದು ಮಾಡುವ ಕಾಗದ ಒಂದಿದೆ, ತಾಯಿ ಕಾರ್ಡ್. ಆಶಾ ಕಾರ್ಯಕರ್ತೆಯೋ ಆರೋಗ್ಯ ಸಹಾಯಕಿಯೋ ಮೊದಲ ಭೇಟಿಯಲ್ಲೇ ಅದರಲ್ಲಿ ಕೊನೆಯ ಮುಟ್ಟಿನ ತಾರೀಖು ಮತ್ತು ಹೆರಿಗೆಯ ಅಂದಾಜು ತಾರೀಖನ್ನು ಬರೆದಿರುತ್ತಾರೆ. ಜಗಳ ಹುಟ್ಟುವ ಮೊದಲೇ ಬರೆದದ್ದರಿಂದ ಅದಕ್ಕೆ ತೂಕ ಹೆಚ್ಚು. ಅದಕ್ಕಿಂತ ನಿಖರವಾದದ್ದು 8ರಿಂದ 13 ವಾರದೊಳಗಿನ ಸ್ಕ್ಯಾನ್ ವರದಿ. ಭ್ರೂಣದ ಉದ್ದ ಅಳೆದು ಹೇಳುವ ವಯಸ್ಸು ಐದರಿಂದ ಏಳು ದಿನದ ಆಚೀಚೆ ಇರುತ್ತದೆ. ಏಳನೇ ತಿಂಗಳ ಸ್ಕ್ಯಾನು ಇದಕ್ಕೆ ಪ್ರಯೋಜನವಿಲ್ಲ, ಆ ಹೊತ್ತಿಗೆ ಮಗುವಿನ ಬೆಳವಣಿಗೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಮೂರನೆಯದು ಡಿಸ್ಚಾರ್ಜ್ ಕಾಗದ: ಮೈಸೂರಿನ ಚೆಲುವಾಂಬ ಆಸ್ಪತ್ರೆಯಾಗಲಿ ಮಂಡ್ಯದ ಮಿಮ್ಸ್ ಆಗಲಿ ಖಾಸಗಿ ನರ್ಸಿಂಗ್ ಹೋಮ್ ಆಗಲಿ, ಎಷ್ಟನೇ ವಾರದ ಹೆರಿಗೆ, ಮಗುವಿನ ತೂಕ ಎಷ್ಟು ಎಂಬುದು ಅದರಲ್ಲಿರುತ್ತದೆ. “ಮದುವೆಯಾಗಿ ಏಳೇ ತಿಂಗಳಿಗೆ ಹೆರಿಗೆ” ಎನ್ನುವುದೊಂದನ್ನೇ ಹಿಡಿದು ಹೋದ ಗಂಡಸರನ್ನು ಸುಪ್ರೀಂ ಕೋರ್ಟ್ 1987ರಷ್ಟು ಹಿಂದೆಯೇ, ದುಖ್ತರ್ ಜಹಾನ್ ಕೇಸಿನಲ್ಲಿ, ವಾಪಸ್ ಕಳಿಸಿದೆ. ಅಕಾಲಿಕ ಹೆರಿಗೆ ಆಗಿರಬಹುದಲ್ಲ? ಮಗು ಮೂರು ಕೆಜಿ ತೂಗುತ್ತಿತ್ತು ಎಂದು ದಾಖಲೆ ಹೇಳಿದರೆ ಮಾತ್ರ ಪ್ರಶ್ನೆ ಏಳುತ್ತದೆ.

ಈ ಕಾಗದಗಳು ಆಕೆಯ ಕೈಯಲ್ಲಿರುತ್ತವೆ, ನೀವು ಆಸ್ಪತ್ರೆಗೆ ಹೋಗಿ ಕೇಳಿದರೆ ಕೊಡುವುದಿಲ್ಲ. ಕೋರ್ಟಿನಿಂದಲೇ ಸಮನ್ಸ್ ಕಳಿಸಿ ತರಿಸಬೇಕು. ತಡ ಮಾಡಿದರೆ ಸಿಗುವುದೂ ಇಲ್ಲ: ಸ್ಕ್ಯಾನ್ ಕೇಂದ್ರಗಳು ದಾಖಲೆಯನ್ನು ಇಟ್ಟುಕೊಳ್ಳಬೇಕಾದದ್ದು ಎರಡು ವರ್ಷ.

ಯಾವ ಸಾಕ್ಷ್ಯ ನಿಲ್ಲುತ್ತದೆ, ಯಾವುದು ಬೀಳುತ್ತದೆ

ಪಾಸ್‌ಪೋರ್ಟಿನ ಮೊಹರು ಎಲ್ಲಕ್ಕಿಂತ ಗಟ್ಟಿ. ದುಬೈಯಲ್ಲೋ ಮಸ್ಕತ್‌ನಲ್ಲೋ ಕೆಲಸದಲ್ಲಿದ್ದು ಆ ಐವತ್ತು ದಿನ ಭಾರತಕ್ಕೆ ಕಾಲಿಟ್ಟಿಲ್ಲ, ಆಕೆಯೂ ಅಲ್ಲಿಗೆ ಬಂದಿಲ್ಲ ಎಂದು ಎರಡೂ ಕಡೆಯದು ತೋರಿಸಿದರೆ ಅರ್ಧ ಗೆದ್ದಂತೆ. ಸೇನೆಯಲ್ಲಿರುವವರಿಗೆ ರಜೆ ದಾಖಲೆ, ಜೈಲಿನಲ್ಲಿದ್ದವರಿಗೆ ಕಾರಾಗೃಹದ ದಾಖಲೆ, ಆಸ್ಪತ್ರೆಯಲ್ಲಿ ಮಲಗಿದ್ದವರಿಗೆ ಒಳರೋಗಿ ದಾಖಲೆ ಇದೇ ಸಾಲಿಗೆ ಬರುತ್ತವೆ.

ಬೆಂಗಳೂರಿನ ಕೆಲಸ ಹಾಗಲ್ಲ. ಮೈಸೂರಿನಿಂದ ಮೂರು ಗಂಟೆಯ ದಾರಿ, ಮಂಡ್ಯದಿಂದ ಇನ್ನೂ ಹತ್ತಿರ, ಪೀಣ್ಯದಲ್ಲಿ ಪಿಜಿಯಲ್ಲಿದ್ದೆ ಎಂದರೆ ಪಾಟೀಸವಾಲಿನಲ್ಲಿ ಮೊದಲ ಪ್ರಶ್ನೆಯೇ “ಶನಿವಾರ ಊರಿಗೆ ಬರುತ್ತಿದ್ದಿರಿ ತಾನೆ?” ದೂರ ಇದ್ದುದಕ್ಕೆ ಪುರಾವೆ ಎಂದು ಚಾಮುಂಡಿ ಎಕ್ಸ್‌ಪ್ರೆಸ್ಸಿನ ತಿಂಗಳ ಪಾಸನ್ನು ತಂದುಕೊಟ್ಟರೆ ಅದು ಹೇಳುವುದು ಉಲ್ಟಾ ಕಥೆಯನ್ನು: ಈ ಮನುಷ್ಯ ಬಂದು ಹೋಗುತ್ತಿದ್ದ. ಆಷಾಢದ ವಾದವೂ ಅಷ್ಟೇ. ಹೊಸ ಮದುಮಗಳು ಆಷಾಢಕ್ಕೆ ತವರಿನಲ್ಲಿದ್ದಳು, ಅತ್ತೆ ಅಳಿಯ ಒಂದೇ ಹೊಸಿಲು ದಾಟುವ ಹಾಗಿಲ್ಲ, ಹಾಗಾಗಿ ನಾನು ಹೋಗಿಲ್ಲ ಎನ್ನುತ್ತಾರೆ. ಸಂಪ್ರದಾಯ ನಿಜವೇ ಇರಬಹುದು, ಮದ್ದೂರಿಗೂ ಮಂಡ್ಯಕ್ಕೂ ಇಪ್ಪತ್ತು ಕಿಲೋಮೀಟರ್ ಎನ್ನುವುದೂ ನಿಜ. ಕೋರ್ಟು ನೋಡುವುದು ಕಿಲೋಮೀಟರನ್ನು.

ಮೊಬೈಲ್ ಟವರಿನ ದಾಖಲೆ ಉಪಯುಕ್ತ, ಆದರೆ ಕಂಪನಿಗಳು ಕರೆ ವಿವರವನ್ನು ಎರಡು ವರ್ಷ ಇಟ್ಟುಕೊಳ್ಳಬೇಕೆಂಬುದು ನಿಯಮ. ಕೋರ್ಟಿನ ಮೂಲಕ ಬೇಗ ತರಿಸಿ. ವಾಟ್ಸ್‌ಆ್ಯಪ್ ಸಂದೇಶ ಹಾಜರುಪಡಿಸುವುದಾದರೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಕಡ್ಡಾಯ. ಅದರಲ್ಲಿ ಎರಡು ಭಾಗ, ಒಂದನ್ನು ನೀವು ಸಹಿ ಮಾಡಬೇಕು, ಇನ್ನೊಂದನ್ನು ತಜ್ಞರು. ಕಡತದ ಹ್ಯಾಶ್ ಸಂಖ್ಯೆ (ಕಡತವನ್ನು ತಿದ್ದಿಲ್ಲ ಎಂದು ತಾಳೆ ನೋಡುವ ಗುರುತು) ಅದರಲ್ಲಿರಬೇಕು. ಬರಿಯ ಸ್ಕ್ರೀನ್‌ಶಾಟ್ ಪ್ರಿಂಟ್ ತಂದರೆ ಆಕ್ಷೇಪಣೆ ಬರುತ್ತದೆ. ಇದಕ್ಕಿಂತ ಮುಖ್ಯ ವಿಚಾರ: ಸಂದೇಶಗಳು ಸಂಬಂಧವನ್ನು ತೋರಿಸುತ್ತವೆಯೇ ಹೊರತು ನಿಮಗೆ ಅವಕಾಶ ಇರಲಿಲ್ಲ ಎನ್ನುವುದನ್ನಲ್ಲ. ಆಕೆಗೆ ಬೇರೊಬ್ಬರ ಜೊತೆ ಸಂಬಂಧ ಇತ್ತು ಎಂದು ಪೂರ್ತಿ ಸಾಬೀತಾದರೂ, ಗಂಡನಿಗೂ ಅವಕಾಶ ಇತ್ತು ಎಂದಾದರೆ ಕಾನೂನಿನ ಕಣ್ಣಿಗೆ ಮಗು ಗಂಡನದೇ. 2025ರ ಜನವರಿಯಲ್ಲಿ ಇವಾನ್ ರತಿನಂ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಬಿಡಿಸಿ ಹೇಳಿದೆ.

ದೈಹಿಕ ಕಾರಣಗಳು ಬೇರೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಸರ್ಟಿಫಿಕೇಟ್ ಒಂದೇ ಸಾಲದು, ಆಪರೇಷನ್ ವಿಫಲವಾಗುವುದುಂಟು. ಆ ಕಾಲದ ವೀರ್ಯ ಪರೀಕ್ಷೆಯ ವರದಿ ಬೇಕು, ಮಾಡಿದ ವೈದ್ಯರು ಬಂದು ಸಾಕ್ಷಿ ಹೇಳಬೇಕು. ರಕ್ತದ ಗುಂಪು ಕೆಲವೊಮ್ಮೆ ಮೊದಲ ನೋಟದ ಆಧಾರ ಕೊಡುತ್ತದೆ: ಗಂಡ ಎಬಿ ಆಗಿದ್ದು ಮಗು ಓ ಆಗಿದ್ದರೆ, ಅಥವಾ ಗಂಡ ಓ ಆಗಿದ್ದು ಮಗು ಎಬಿ ಆಗಿದ್ದರೆ, ಅಪರೂಪದ ಬಾಂಬೆ ಗುಂಪಿನಂಥ ವಿನಾಯಿತಿ ಬಿಟ್ಟರೆ, ಹೊಂದುವುದಿಲ್ಲ. ಗುಂಪು ಹೊಂದಿದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಮುಖ ಹೋಲುವುದಿಲ್ಲ, ಬಣ್ಣ ಬೇರೆ ಎನ್ನುವುದನ್ನು ತಕರಾರಿನಲ್ಲಿ ಬರೆಸಲೇಬೇಡಿ.

ಯಾವ ದಾರಿಯಲ್ಲಿ ಹೋಗಬೇಕು

ಜೀವನಾಂಶದ ಕೇಸಿನಲ್ಲೇ ತಕರಾರು ಸಲ್ಲಿಸುವುದು ಹತ್ತಿರದ ದಾರಿ. ಆದರೆ ಅದು ಸಂಕ್ಷಿಪ್ತ ವಿಚಾರಣೆ, ಮಗುವಿನ ಸ್ಥಾನಮಾನದ ಬಗ್ಗೆ ಅಲ್ಲಿನ ತೀರ್ಮಾನ ಕೊನೆಯ ಮಾತಲ್ಲ. ಕೊನೆಯ ಮಾತು ಬೇಕೆಂದರೆ ಕುಟುಂಬ ನ್ಯಾಯಾಲಯದಲ್ಲಿ ಔರಸತ್ವದ ಘೋಷಣೆ ಕೇಳಿ ದಾವೆ ಹೂಡಬೇಕು. ಮಗುವನ್ನು ಪಕ್ಷಕಾರರನ್ನಾಗಿ ಮಾಡಲೇಬೇಕು, ಕೋರ್ಟು ಮಗುವಿನ ಪರವಾಗಿ ಪಾಲಕರನ್ನು ನೇಮಿಸುತ್ತದೆ. ಘೋಷಣೆಯ ದಾವೆಗೆ ಕಾಲಮಿತಿ, ದಾವೆ ಹೂಡುವ ಹಕ್ಕು ಮೊದಲು ಹುಟ್ಟಿದ ದಿನದಿಂದ ಮೂರು ವರ್ಷ. ಆ ಡಿಕ್ರಿ ಸಿಕ್ಕರೆ ಸುರಕ್ಷಾ ಸಂಹಿತೆಯ ಕಲಂ 146ರಡಿ ಜೀವನಾಂಶದ ಆದೇಶವನ್ನು ರದ್ದು ಮಾಡಿಸಬಹುದು.

ಮದುವೆಯ ದಿನವೇ ಆಕೆ ಬೇರೊಬ್ಬರಿಂದ ಗರ್ಭಿಣಿಯಾಗಿದ್ದರು ಎನ್ನುವುದಾದರೆ ಹಿಂದೂ ವಿವಾಹ ಕಾಯ್ದೆಯ ಕಲಂ 12ರಲ್ಲಿ ಮದುವೆ ರದ್ದು ಕೇಳಬಹುದು. ಮದುವೆಯಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು, ಮದುವೆಯ ಹೊತ್ತಿನಲ್ಲಿ ನಿಮಗೆ ಗೊತ್ತಿರಬಾರದು, ಗೊತ್ತಾದ ಮೇಲೆ ಇಷ್ಟಪಟ್ಟು ಕೂಡಿರಬಾರದು. ‘ಹೆರಿಗೆ ಆಗಲಿ, ಮಗುವಿನ ಮುಖ ನೋಡಿ ತೀರ್ಮಾನ ಮಾಡೋಣ’ ಎಂದು ಹಿರಿಯರು ಪಂಚಾಯ್ತಿ ಮಾಡುವಷ್ಟರಲ್ಲಿ ಈ ವರ್ಷ ದಾಟಿಹೋಗುತ್ತದೆ.

ವ್ಯಭಿಚಾರದ ಆಧಾರದ ಮೇಲೆ ವಿಚ್ಛೇದನ ಕೇಳುವುದು ಮೂರನೆಯ ದಾರಿ. ಅದರೊಳಗೆ ಡಿಎನ್‌ಎ ಕೇಳಿದ 2014ರ ದೀಪಾನ್ವಿತಾ ರಾಯ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತ್ತು. 2023ರ ಅಪರ್ಣಾ ಫಿರೋದಿಯಾ ಕೇಸಿನಲ್ಲಿ, ಗಂಡ ಹೆಂಡಿರ ಜಗಳಕ್ಕೆ ಮಗುವನ್ನು ಸಾಧನ ಮಾಡಬೇಡಿ ಎಂದು ನಿರಾಕರಿಸಿತು. ಈಗಿನ ಗಾಳಿ ಎರಡನೆಯದರ ಕಡೆ ಬೀಸುತ್ತಿದೆ. ಆರೋಪ ಮಾಡಿ ಸಾಬೀತು ಮಾಡಲಾಗದಿದ್ದರೆ ಅದೇ ಮಾನಸಿಕ ಕ್ರೌರ್ಯವಾಗಿ ನಿಮ್ಮ ಮೇಲೆ ತಿರುಗುತ್ತದೆ. 2003ರ ವಿಜಯಕುಮಾರ್ ಭಾಟೆ ಕೇಸಿನಲ್ಲಿ ಆದದ್ದು ಅದೇ.

ತಕರಾರು ಬರೆಯುವಾಗ

“ಸದರಿ ಮಗು ಎದುರುದಾರನಿಗೆ ಜನಿಸಿದ್ದಲ್ಲ” ಎಂಬ ಒಂದು ಸಾಲು ಹಾಕಿ ಸುಮ್ಮನಾಗುವ ತಕರಾರುಗಳೇ ಹೆಚ್ಚು. ಅದರಿಂದ ಏನೂ ಹುಟ್ಟುವುದಿಲ್ಲ. ಬರೆಯಬೇಕಾದದ್ದು ಹೀಗೆ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನೀವು ಎಲ್ಲಿದ್ದಿರಿ, ಆಕೆ ಎಲ್ಲಿದ್ದರು, ಕೊನೆಯ ಸಲ ಜೊತೆಗಿದ್ದದ್ದು ಯಾವಾಗ, ಗರ್ಭದ ವಿಷಯ ನಿಮಗೆ ಗೊತ್ತಾದದ್ದು ಯಾವಾಗ, ಗೊತ್ತಾದ ಮೇಲೆ ಏನು ಮಾಡಿದಿರಿ. ಪ್ರತಿ ಸಾಲಿಗೂ ಒಂದು ದಾಖಲೆಯ ಸಂಖ್ಯೆ.

ಬಹಳ ಕೇಸುಗಳು ಸೋಲುವುದು ಗಂಡ ಹಿಂದೆ ತಾನೇ ಬರೆದುಕೊಟ್ಟ ಕಾಗದದಿಂದ. ಆಕೆ ತವರಿಗೆ ಹೋದಾಗ ಹಿಂದೂ ವಿವಾಹ ಕಾಯ್ದೆಯ ಕಲಂ 9ರಡಿ ‘ನನ್ನ ಪತ್ನಿ ಹಾಗೂ ನನ್ನ ಮಗುವನ್ನು ಕಳಿಸಿಕೊಡಿಸಿ’ ಎಂದು ಅರ್ಜಿ ಹಾಕಿರುತ್ತಾನೆ. ಒಂದು ವರ್ಷದ ಮೇಲೆ ಜೀವನಾಂಶದ ನೋಟಿಸು ಬಂದಾಗ ‘ಮಗು ನನ್ನದಲ್ಲ’. ಎದುರು ವಕೀಲರು ಹಳೆಯ ಅರ್ಜಿಯ ದೃಢೀಕೃತ ನಕಲನ್ನು ಕೈಗಿಟ್ಟು, “ಈ ಸಹಿ ನಿಮ್ಮದೇ?” ಎಂದು ಕೇಳುತ್ತಾರೆ, ಅಷ್ಟೇ. ನಾಮಕರಣದ ಫೋಟೊ, ರೇಷನ್ ಕಾರ್ಡಿಗೆ ಹೆಸರು ಸೇರಿಸಿದ್ದು, ಶಾಲೆಯ ಅರ್ಜಿಗೆ ಸಹಿ ಹಾಕಿದ್ದು, ಮಗುವಿನ ಹೆಸರಲ್ಲಿ ಇಟ್ಟ ಠೇವಣಿ ಎಲ್ಲ ಇದೇ ಕೆಲಸ ಮಾಡುತ್ತವೆ. ಗೊತ್ತಿಲ್ಲದೆ ಮಾಡಿದ್ದಾದರೆ ಗೊತ್ತಾದ ದಿನವನ್ನು ತೋರಿಸಿ. ಗೊತ್ತಾಗಿ ಮೂರು ವರ್ಷ ಅಪ್ಪನಾಗಿ ಇದ್ದುದಾದರೆ ವಕೀಲರಿಗೆ ಮೊದಲೇ ಹೇಳಿ, ಮುಚ್ಚಿಡಬೇಡಿ.

ಮಧ್ಯಂತರ ಜೀವನಾಂಶ ನಿಲ್ಲುವುದಿಲ್ಲ

ಪಿತೃತ್ವದ ತಕರಾರು ಎತ್ತಿದಾಕ್ಷಣ ಹಣ ಕಟ್ಟಬೇಕಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಕಲಂ 116ರ ಊಹೆ ಮಗುವಿನ ಪರ ಇರುವುದರಿಂದ ಮಧ್ಯಂತರ ಆದೇಶ ಆಗುತ್ತದೆ. ನೋಟಿಸು ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಎಂದು ಕಾನೂನೇ ಹೇಳುತ್ತದೆ. 2020ರ ರಜನೀಶ್ ವರ್ಸಸ್ ನೇಹಾ ತೀರ್ಪಿನ ಮೇಲೆ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಮತ್ತು ಎರಡೂ ಕಡೆಯವರು ಆಸ್ತಿ ಹೊಣೆಗಾರಿಕೆಯ ಅಫಿಡವಿಟ್ ಕೊಡಬೇಕು.

ಆ ಅಫಿಡವಿಟ್ಟಿನಲ್ಲಿ ಸಂಬಳದ ಚೀಟಿ, ಐಟಿ ರಿಟರ್ನು, ಬ್ಯಾಂಕ್ ವಿವರ, ಸಾಲದ ಕಂತು ಬರಬೇಕು. ರೈತರಾದರೆ ಪಹಣಿ, ಕಬ್ಬು ಕಳಿಸಿದ ಬಿಲ್ಲು, ರೇಷ್ಮೆಗೂಡಿನ ಚೀಟಿ, ಡೇರಿಗೆ ಹಾಲು ಹಾಕಿದ ಪುಸ್ತಕ. ‘ಕೂಲಿ ಮಾಡುತ್ತೇನೆ, ತಿಂಗಳಿಗೆ ಆರು ಸಾವಿರ’ ಎಂದು ಬರೆದವರ ಹೆಸರಿನಲ್ಲಿ ನಾಲ್ಕು ಎಕರೆ ನೀರಾವರಿ ಭೂಮಿಯ ಪಹಣಿಯನ್ನು ಎದುರು ಪಕ್ಷ ಮೊಬೈಲಿನಲ್ಲೇ ತೆಗೆದು ತೋರಿಸುತ್ತದೆ. ಅಲ್ಲಿಂದ ಮುಂದೆ ತಾರೀಖಿನ ಬಗ್ಗೆ ನೀವು ಹೇಳಿದ ನಿಜವನ್ನೂ ನಂಬುವುದು ಕಷ್ಟ.

ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಕೈಗೆ ಕೊಟ್ಟದ್ದಕ್ಕೆ, ಭಾವಮೈದುನನ ಫೋನ್‌ಪೇಗೆ ಹಾಕಿದ್ದಕ್ಕೆ ಲೆಕ್ಕವಿಲ್ಲ. ಪಾವತಿಯ ಜೊತೆ ‘ಪಿತೃತ್ವದ ತಕರಾರನ್ನು ಕಾಯ್ದಿರಿಸಿ, ಕೋರ್ಟಿನ ಆದೇಶದಂತೆ’ ಎಂಬ ಮೆಮೊ ಸಲ್ಲಿಸಿದರೆ ಕಟ್ಟಿದ್ದೇ ಒಪ್ಪಿಗೆ ಎಂದು ಯಾರೂ ಹೇಳಲಾರರು.

ಕಟ್ಟದಿದ್ದರೆ ಎಫ್‌ಎಲ್‌ಡಬ್ಲ್ಯೂ (ಬಾಕಿ ವಸೂಲಿಯ) ವಾರಂಟ್ ಬರುತ್ತದೆ, ಬಾಕಿ ಇರುವ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎನ್ನುವವರು ಊರಿಗೊಬ್ಬರಿದ್ದಾರೆ. ತೀರುವುದಿಲ್ಲ, ಬಾಕಿ ಹಾಗೇ ಉಳಿಯುತ್ತದೆ.

ಡಿಎನ್‌ಎ ಅರ್ಜಿ

ಮೊದಲ ವಾಯಿದೆಗೇ ಈ ಅರ್ಜಿ ಹಾಕಿದರೆ ವಜಾ ಆಗುವ ಸಂಭವ ಹೆಚ್ಚು. ತಕರಾರು, ದಾಖಲೆ, ಸಾಧ್ಯವಾದರೆ ನಿಮ್ಮ ಮುಖ್ಯ ವಿಚಾರಣೆಯ ಹೇಳಿಕೆ ಕಡತಕ್ಕೆ ಬಂದ ಮೇಲೆ ಹಾಕಿ. ಸಿವಿಲ್ ಸ್ವರೂಪದ ಕೇಸಿನಲ್ಲಿ ಸಾಕ್ಷ್ಯ ಅಧಿನಿಯಮದ ಕಲಂ 39, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 26 ನಿಯಮ 10ಎ ಹೆಸರಿಸುತ್ತಾರೆ. ಅಫಿಡವಿಟ್ಟಿನಲ್ಲಿ ಐವತ್ತು ದಿನದ ಕಿಟಕಿಯನ್ನು ದಾಖಲೆ ಸಮೇತ ಬಿಡಿಸಿ, ಖರ್ಚು ನಾನೇ ಭರಿಸುತ್ತೇನೆ ಎಂದು ಬರೆಯಿರಿ.

ನ್ಯಾಯಾಧೀಶರು ಅಳೆಯುವುದು 1993ರ ಗೌತಮ್ ಕುಂಡು ತೀರ್ಪಿನ ಕೋಲಿನಿಂದ: ಕೇಳಿದಾಕ್ಷಣ ಕೊಡುವಂತಿಲ್ಲ, ಅವಕಾಶ ಇರಲಿಲ್ಲ ಎಂಬುದಕ್ಕೆ ಮೇಲ್ನೋಟಕ್ಕೇ ಬಲವಾದ ಆಧಾರ ಬೇಕು, ಮಗುವಿಗೆ ಅಂಟುವ ಕಳಂಕವನ್ನು ತೂಗಿ ನೋಡಬೇಕು, ಯಾರನ್ನೂ ಬಲವಂತವಾಗಿ ಸೂಜಿಗೆ ಒಡ್ಡುವಂತಿಲ್ಲ. 2010ರ ಭಬಾನಿ ಪ್ರಸಾದ್ ಜೆನಾ ತೀರ್ಪು, ಬೇರೆ ದಾರಿಯಲ್ಲಿ ಸತ್ಯ ತಿಳಿಯಲಾಗದಂಥ ಅಗತ್ಯ ಇದ್ದರೆ ಮಾತ್ರ ಎಂದು ಸೇರಿಸಿತು. ಅರ್ಜಿ ವಜಾ ಆದರೆ ಬೆಂಗಳೂರಿನ ಹೈಕೋರ್ಟಿನಲ್ಲಿ ಸಂವಿಧಾನದ 227ನೇ ವಿಧಿಯಡಿ ರಿಟ್ ಹಾಕಬಹುದು.

ಅಡ್ಡದಾರಿ ಒಂದಿದೆ, ತುಳಿಯಬೇಡಿ. ಮಗುವನ್ನು ನೋಡಲು ಹೋದಾಗ ಕೆನ್ನೆಯ ಒಳಭಾಗ ಸವರಿಯೋ ಕೂದಲು ಕಿತ್ತೋ ಆನ್‌ಲೈನ್ ಲ್ಯಾಬಿಗೆ ಕಳಿಸಿದ ವರದಿಯಲ್ಲಿ ಸ್ಯಾಂಪಲ್ ಯಾರದು ಎನ್ನುವುದಕ್ಕೇ ಆಧಾರ ಇರುವುದಿಲ್ಲ. ಮಗುವಿನ ಖಾಸಗಿತನ ಮುರಿದಿರಿ ಎಂಬ ಮಾತಂತೂ ಬರುತ್ತದೆ.

ಸ್ಯಾಂಪಲ್ ಕೊಡುವ ದಿನ, ವರದಿ ಓದುವ ಬಗೆ

ತಾಯಿ, ಮಗು, ತಂದೆ ಎನ್ನಲಾದವರು ಮೂವರೂ ಒಟ್ಟಿಗೆ ಹಾಜರಾಗಬೇಕು. ಆಧಾರ್, ಫೋಟೊ ಒಯ್ಯಿರಿ. ಗುರುತಿನ ನಮೂನೆಯಲ್ಲಿ ಫೋಟೊ ಅಂಟಿಸಿ, ಹೆಬ್ಬೆಟ್ಟು ಒತ್ತಿಸಿ, ವೈದ್ಯಾಧಿಕಾರಿ ಸಹಿ ಮಾಡುತ್ತಾರೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ಎರಡು ಮೂರು ಎಂಎಲ್ ರಕ್ತ ತೆಗೆದು, ಹೆಸರು ಬರೆದು, ನಿಮ್ಮೆದುರೇ ಅರಗಿನ ಮೊಹರು ಹಾಕಬೇಕು. ಟ್ಯೂಬಿನ ಮೇಲಿನ ಹೆಸರನ್ನೂ ನಮೂನೆಯ ಹೆಸರನ್ನೂ ಅಲ್ಲೇ ತಾಳೆ ನೋಡಿ. ಮುಂದೆ ವರದಿಯನ್ನು ಪ್ರಶ್ನಿಸುವವರು ಮೊದಲು ಕೈ ಹಾಕುವುದು ಇಲ್ಲಿಗೇ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಅಸ್ಥಿಮಜ್ಜೆ ಕಸಿ ಆಗಿದ್ದರೆ ತಪ್ಪದೆ ಬರೆಸಿ. ಸಂಶಯ ಗಂಡನ ಅಣ್ಣ ತಮ್ಮಂದಿರ ಮೇಲಿದ್ದರೆ ಅದನ್ನೂ ಕೋರ್ಟಿನ ಮೂಲಕ ಲ್ಯಾಬಿಗೆ ತಿಳಿಸಬೇಕು. ಒಡಹುಟ್ಟಿದವರ ಡಿಎನ್‌ಎ ಬಹಳಷ್ಟು ಹೋಲುವುದರಿಂದ ಹೆಚ್ಚು ತಾಣಗಳನ್ನು (ಡಿಎನ್‌ಎಯಲ್ಲಿ ಹೋಲಿಸುವ ಜಾಗಗಳನ್ನು) ನೋಡಬೇಕಾಗುತ್ತದೆ.

ವರದಿಯಲ್ಲಿ ಒಂದು ಕೋಷ್ಟಕ ಇರುತ್ತದೆ, ಸಾಲಿಗೊಂದು ತಾಣ. ಒಂದು ತಾಣದಲ್ಲಿ ಮಗುವಿಗೆ 15, 17. ತಾಯಿಗೆ 15, 16 ಎಂದಿದೆ ಎನ್ನೋಣ. 15 ತಾಯಿಯಿಂದ ಬಂತು, 17 ಅಪ್ಪನಿಂದಲೇ ಬಂದಿರಬೇಕು. ನಿಮ್ಮ ಸಾಲಿನಲ್ಲಿ 14, 18 ಇದ್ದರೆ ಆ ತಾಣ ಹೊಂದಲಿಲ್ಲ. ಒಂದು ತಾಣ ಹೊಂದದಿದ್ದರೆ ಕುಣಿಯಬೇಡಿ, ಅದು ಸಹಜ ರೂಪಾಂತರ ಇರಬಹುದು. ಸಾಮಾನ್ಯವಾಗಿ ಮೂರು ಅಥವಾ ಹೆಚ್ಚು ತಾಣ ತಪ್ಪಿದಾಗ ‘ಜೈವಿಕ ತಂದೆಯಲ್ಲ’ ಎನ್ನುತ್ತಾರೆ. ಎಲ್ಲ ಹೊಂದಿದರೆ 99.99ರಂಥ ಶೇಕಡಾವಾರು ಸಂಭವನೀಯತೆ ಬರೆದಿರುತ್ತಾರೆ.

ವರದಿ ಬಂದ ಮೇಲೆ

ವರದಿ ‘ಅಲ್ಲ’ ಎಂದರೆ? 2001ರ ಕಾಮ್ತಿ ದೇವಿ ತೀರ್ಪು, ಅವಕಾಶ ಇತ್ತು ಎಂದಾದರೆ ಡಿಎನ್‌ಎ ಕೂಡ ಸಾಲದು ಎಂದಿತ್ತು. 2014ರ ನಂದಲಾಲ್ ಬಡ್ವೈಕ್ ಕೇಸಿನಲ್ಲಿ ನಾಗಪುರ ಮತ್ತು ಹೈದರಾಬಾದಿನ ಎರಡು ಲ್ಯಾಬುಗಳೂ ‘ಅಲ್ಲ’ ಎಂದ ಮೇಲೆ, ಊಹೆಗಿಂತ ವಿಜ್ಞಾನದ ಸತ್ಯ ಮೇಲು ಎಂದು ಮಗುವಿನ ಹೊಣೆಯಿಂದ ಗಂಡನನ್ನು ಬಿಡಿಸಿದರು. ಆ ಗಂಡ ಕೂಡ ಬಹಳ ಕಾಲದಿಂದ ಹೆಂಡತಿಯ ಜೊತೆ ಇರಲಿಲ್ಲ ಎಂದೇ ವಾದಿಸಿದ್ದ. ಹಾಗಾಗಿ ವರದಿ ಕೈಗೆ ಬಂತೆಂದು ತಾರೀಖಿನ ಸಾಕ್ಷಿಗಳನ್ನು ಕೈಬಿಡಬೇಡಿ. ಆ ತೀರ್ಪಿನಲ್ಲೇ ಇನ್ನೊಂದು ಮಾತಿದೆ: ಅದುವರೆಗೆ ಕಟ್ಟಿದ ಹಣ ವಾಪಸ್ ಇಲ್ಲ.

ಮಗುವಿನ ಅರ್ಜಿ ಬಿದ್ದರೂ ಹೆಂಡತಿಯ ಜೀವನಾಂಶ ತಾನಾಗಿ ಬೀಳುವುದಿಲ್ಲ. ಆಕೆ ವ್ಯಭಿಚಾರದಲ್ಲಿ ‘ಬದುಕುತ್ತಿದ್ದಾರೆ’ ಎಂದು ಬೇರೆಯಾಗಿ ತೋರಿಸಬೇಕು, ಹಿಂದೊಮ್ಮೆ ನಡೆದ ತಪ್ಪು ಸಾಲದು ಎನ್ನುವುದು ಸಾಮಾನ್ಯ ನಿಲುವು.

ಸೋತರೆ, ಕುಟುಂಬ ನ್ಯಾಯಾಲಯದ 144ರ ಆದೇಶಕ್ಕೆ ಅಪೀಲು ಇಲ್ಲ. ಹೈಕೋರ್ಟಿನಲ್ಲಿ ರಿವಿಷನ್ (ಮರುಪರಿಶೀಲನೆಯ ಅರ್ಜಿ), ವಕೀಲರ ಮಾತಿನಲ್ಲಿ ಆರ್‌ಪಿಎಫ್‌ಸಿ. ಜೆಎಂಎಫ್‌ಸಿ ಆದೇಶವಾದರೆ ಸೆಷನ್ಸ್ ಕೋರ್ಟಿಗೆ. ಘೋಷಣೆಯ ದಾವೆಯ ಡಿಕ್ರಿಗೆ ಹೈಕೋರ್ಟಿನಲ್ಲಿ ಎಂಎಫ್‌ಎ ಎಂಬ ಅಪೀಲು, ಕುಟುಂಬ ನ್ಯಾಯಾಲಯಗಳ ಕಾಯ್ದೆಯ 30 ದಿನವನ್ನೇ ಗಡುವು ಎಂದುಕೊಂಡು ದೃಢೀಕೃತ ನಕಲಿಗೆ ತೀರ್ಪಿನ ದಿನವೇ ಅರ್ಜಿ ಹಾಕಿ. ತಡೆಯಾಜ್ಞೆ ಬೇಕೆಂದರೆ ಬಾಕಿಯ ಒಂದು ಭಾಗ ಠೇವಣಿ ಇಡಿ ಎನ್ನುವುದು ರೂಢಿ, ಆ ಹಣ ಹೊಂದಿಸಿಕೊಂಡೇ ಹೋಗಿ.

ಗೆದ್ದವರು ಮರೆಯುವುದು ಜನನ ಪ್ರಮಾಣಪತ್ರವನ್ನು. ಜೀವನಾಂಶದ ಕೇಸಿನ ಆದೇಶ ತೋರಿಸಿ ತಂದೆಯ ಹೆಸರು ತೆಗೆಯಿರಿ ಎಂದರೆ ಪಾಲಿಕೆಯ ಜನನ ಮರಣ ವಿಭಾಗವಾಗಲಿ ಗ್ರಾಮದ ನೋಂದಣಿದಾರರಾಗಲಿ ಒಪ್ಪುವುದಿಲ್ಲ, ಘೋಷಣೆಯ ಡಿಕ್ರಿ ಕೇಳುತ್ತಾರೆ. ಅದು ಇದ್ದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ ಕಲಂ 15ರಡಿ ತಿದ್ದುಪಡಿಗೆ ಅರ್ಜಿ ಹಾಕಬೇಕು. ಹಳೆಯ ನಮೂದನ್ನು ಅಳಿಸುವುದಿಲ್ಲ, ಪಕ್ಕದ ಅಂಚಿನಲ್ಲಿ ತಿದ್ದುಪಡಿ ಬರೆದು ದಿನಾಂಕ ಹಾಕಿ ನೋಂದಣಿದಾರರು ಸಹಿ ಮಾಡುತ್ತಾರೆ.